ಮೊಳೆ ಚಿಕ್ಕಮ್ಮನ ಒಂಟಿ ಕೈ ಕುರ್ಚಿ

ಅಲ್ಲ, ಹಾಗಂತ ಚಿಕ್ಕಮ್ಮನನ್ನು ಕೆಟ್ಟವಳು ಅಂದುಕೊಂಡುಬಿಡಬೇಡಿ. ಸೇಡು ಇಟ್ಟುಕೊಳ್ಳುವವರೆಲ್ಲ ಕೆಟ್ಟವರಾಗಿದ್ದರೆ ನಮ್ಮ ಬೀದಿಯಲ್ಲಿ ಒಳ್ಳೆಯವರು ಅಂತ ಉಳಿಯುವುದು ಬೆಕ್ಕುಗಳು ಮಾತ್ರ, ಬೆಕ್ಕುಗಳ ವಿಷಯದಲ್ಲೂ ನನಗೆ ಸ್ವಲ್ಪ ಅನುಮಾನವಿದೆ. ಚಿಕ್ಕಮ್ಮನ ಸೇಡು ಬೇರೆ ಥರದ್ದು. ಅವಳು ಕೂಗಾಡುವುದಿಲ್ಲ, ಅಳುವುದಿಲ್ಲ, ಮಾತು ಬಿಡುವುದೂ ಇಲ್ಲ. ಸೋಫಾಕ್ಕೆ ಬಟ್ಟೆ ಹಾಕುವ ಹಾಗೆ ಒಂದು ಮೂಲೆಗೆ ಮೊಳೆ ಹೊಡೆದು, ಎಳೆದು, ಎದುರು ಮೂಲೆಗೆ ಇನ್ನೊಂದು ಹೊಡೆದು, ಮತ್ತೆ ಎಳೆದು, ಒಂದು ಸುಕ್ಕೂ ಉಳಿಯದ ಹಾಗೆ ನಿಧಾನಕ್ಕೆ ತೀರಿಸಿಕೊಳ್ಳುತ್ತಾಳೆ. ನನಗಂತೂ ಅವಳೆಂದರೆ ಪ್ರಾಣ.

ಅವಳ ಕೆಲಸವೇ ಅದು. ಹಳೇ ಸೋಫಾ, ಕುರ್ಚಿಗಳ ಬಟ್ಟೆ ಕಿತ್ತು, ಸ್ಪಂಜು ಬದಲಾಯಿಸಿ, ಹೊಸ ಬಟ್ಟೆ ಹೊದಿಸಿ ಕೊಡುವುದು. ಅಂಗಡಿ ನಮ್ಮ ಮನೆಯ ಕೆಳಗೇ ಇದೆ. ಒಳಗೆ ಹೋದರೆ ಕಾಲಿಡಲು ಜಾಗವಿರುವುದಿಲ್ಲ. ಹೊಟ್ಟೆ ಬಗೆದಿಟ್ಟ ಸೋಫಾಗಳು, ಉರುಳೆ ಸುತ್ತಿಟ್ಟ ರೆಕ್ಸಿನ್, ಗೋಡೆಗೆ ತೂಗುಹಾಕಿದ ಸ್ಪ್ರಿಂಗ್‌ಗಳು, ಮೂಗಿಗೆ ಹತ್ತುವ ಅಂಟಿನ ವಾಸನೆ. ಜನರ ಸೋಫಾಗಳ ಸಂದಿಯಲ್ಲಿ ಸಿಕ್ಕಿದ ಹೇರ್‌ಪಿನ್ನು, ಪೆನ್ನಿನ ಮುಚ್ಚಳ, ಒಂಟಿ ಕಿವಿಯೋಲೆಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿಟ್ಟಿದ್ದಾಳೆ, ಯಾರೂ ಕೇಳಿಕೊಂಡು ಬರುವುದಿಲ್ಲ. ಈಗ ಎಲ್ಲರೂ ಗಾಳಿ ಗನ್ನಿನಲ್ಲಿ ಪಿನ್ನು ಹೊಡೆಯುತ್ತಾರೆ. ಚಿಕ್ಕಮ್ಮ ಮಾತ್ರ ಅಜ್ಜ ಕಲಿಸಿದ ಹಾಗೆ ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು, ಒಂದೊಂದನ್ನೇ ನಾಲಿಗೆಯಿಂದ ಮುಂದೆ ತಳ್ಳಿ, ಸುತ್ತಿಗೆಯ ತುದಿಗೆ ಅಂಟಿಸಿಕೊಂಡು ಟಕ್ ಅಂತ ಹೊಡೆಯುತ್ತಾಳೆ. ಆ ಸುತ್ತಿಗೆಗೆ ಅಯಸ್ಕಾಂತ ಇದೆ. ಹೀಗೆ ಸದಾ ಬಾಯಲ್ಲಿ ಮೊಳೆ ಇರುವುದಕ್ಕೇ ಶಾಲೆಯ ಕಾಲದ ಸ್ನೇಹಿತರೆಲ್ಲ ಅವಳನ್ನು ಮೊಳೆ ಅಂತಲೇ ಕರೆಯುವುದು. ಸ್ನೇಹಿತರಷ್ಟೇ ಯಾಕೆ, ನಾನೂ ಮೊಳೆ ಚಿಕ್ಕಮ್ಮ ಅನ್ನುತ್ತೇನೆ. ಅವಳಿಗೇನೂ ಬೇಜಾರಿಲ್ಲ.

ಬೇಜಾರಾಗಿದ್ದು ಮಾನಿಟರ್ ವಿಷಯದಲ್ಲಿ.

ಅವರು ಒಟ್ಟು ಐದು ಜನ. ಚಿಕ್ಕಮ್ಮ, ಬಸ್ ಓಡಿಸುವ ಡ್ರೈವರ್, ನಮ್ಮ ಅಂಗಡಿಯ ಎದುರಿಗೇ ಕನ್ನಡಕ ಮಾರುವ ಕನ್ನಡಕದಕ್ಕ, ಆಸ್ಪತ್ರೆಯಲ್ಲಿದ್ದ ನರ್ಸ್, ಮತ್ತೆ ಈ ಮಾನಿಟರ್. ಅವನೀಗ ಇನ್ಶೂರೆನ್ಸ್ ಏಜೆಂಟ್. ಆದರೆ ಶಾಲೆಯಲ್ಲಿ ಕ್ಲಾಸ್ ಮಾನಿಟರ್ ಆಗಿದ್ದವನು, ಆ ಕೆಲಸದಿಂದ ಅವನನ್ನು ಯಾರೂ ಇಳಿಸಲಿಲ್ಲ, ಅವನೂ ಇಳಿಯಲಿಲ್ಲ. ಐದು ಜನಕ್ಕೆ ಅಂತ ಫೋನಿನಲ್ಲಿ ಗ್ರೂಪ್ ಮಾಡಿದವನೂ ಅವನೇ. ಸೇರಿ ಒಂದು ಲೋಟ ಚಹಾ ಕುಡಿಯೋಣ ಅಂದರೆ ಆ ಗ್ರೂಪಿನಲ್ಲಿ ಮದುವೆ ಮಾಡಿಸಿದಷ್ಟು ಮಾತುಕತೆ. ಶನಿವಾರವಾ, ಭಾನುವಾರವಾ. ಎಲ್ಲಿ. ಯಾರು ಬರ್ತಾರೆ, ಯಾರು ಬರಲ್ಲ. ಮೂರು ಜಾಗ ಹಾಕಿ ಓಟು ಹಾಕಿ ಅನ್ನುವುದು. ಓಟು ಬಿದ್ದ ಮೇಲೆ ಡ್ರೈವರಿಗೆ ಡ್ಯೂಟಿ ಬದಲಾಯಿತು ಅಂತ ಮತ್ತೆ ಮೊದಲಿನಿಂದ ಶುರು. ಆಮೇಲೆ ‘ಫೈನಲ್’, ಅದಾದ ಮೇಲೆ ‘ಫೈನಲ್ ಫೈನಲ್’. ಇಷ್ಟರಲ್ಲಿ ಚಹಾ ಕುಡಿಯುವ ಆಸೆಯೇ ಸತ್ತಿರುತ್ತಿತ್ತು. ಇದರ ಮೇಲೆ ಮಾನಿಟರ್‌ದು ಒಂದು ಕಾನೂನು ಬೇರೆ. ಸಂಜೆಯೊಳಗೆ ಉತ್ತರ ಹಾಕದಿದ್ದರೆ ಬರುವುದಿಲ್ಲ ಅಂತಲೇ ಲೆಕ್ಕ.

ಚಿಕ್ಕಮ್ಮ ಉತ್ತರ ಹಾಕುವುದಾದರೂ ಹೇಗೆ? ಬಾಯಿ ತುಂಬ ಮೊಳೆ, ಕೈ ತುಂಬ ಅಂಟು. ಅಂಟು ಮೆತ್ತಿದ ಬೆರಳನ್ನು ಫೋನು ಬೆರಳು ಅಂತಲೇ ಒಪ್ಪುವುದಿಲ್ಲ. ಕೆಲಸ ಮುಗಿಸಿ, ಸೀಮೆಎಣ್ಣೆಯಲ್ಲಿ ಕೈ ಉಜ್ಜಿ ನೋಡುವಷ್ಟರಲ್ಲಿ ಎಲ್ಲರೂ ಸೇರಿ, ನಕ್ಕು, ಫೋಟೋ ತೆಗೆದು ಗ್ರೂಪಿಗೆ ಹಾಕಿಯೂ ಆಗಿರುತ್ತಿತ್ತು. ಹೀಗೆ ಎಷ್ಟೋ ಸಲ ಆಯಿತು, ಅವಳು ನುಂಗಿಕೊಂಡಳು.

ನುಂಗಲಾಗದೇ ಹೋಗಿದ್ದು ನರ್ಸ್ ಊರು ಬಿಟ್ಟ ದಿನದ್ದು.

ನರ್ಸ್‌ಗೆ ಸಮುದ್ರದಾಚೆ ಯಾವುದೋ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಹೊರಡುವ ಸಂಜೆ ಎಲ್ಲರೂ ಪಾರ್ಕಿನ ಪಕ್ಕದ ಚಹಾ ಅಂಗಡಿಯಲ್ಲಿ ಸೇರುವುದು ಅಂತ ಬೆಳಿಗ್ಗೆ ತೀರ್ಮಾನವಾಯಿತು. ಚಿಕ್ಕಮ್ಮ ಅದನ್ನು ನೋಡಿದಳು, ಬರ್ತೀನಿ ಅಂತ ಹೆಬ್ಬೆರಳನ್ನೂ ಒತ್ತಿದಳು. ಆಮೇಲೆ ಕೂತು ಇಡೀ ದಿನ ನರ್ಸ್‌ಗೆ ಅಂತ ಒಂದು ಕತ್ತಿನ ದಿಂಬು ಹೊಲಿದಳು. ಅಷ್ಟು ದೂರದ ಪ್ರಯಾಣ, ಕತ್ತು ನೋಯಬಾರದಲ್ಲ. ಒಳ್ಳೆಯ ವೆಲ್ವೆಟ್ ತುಂಡು ಹುಡುಕಿ, ಒಳಗೆ ಮೆತ್ತನೆ ಹತ್ತಿ ತುಂಬಿ, ಹೊಲಿಗೆ ಎಲ್ಲೂ ಕಾಣದ ಹಾಗೆ ಮುಚ್ಚಿ. ಅವಸರದಲ್ಲಿ ಹೊರಟಾಗ ಫೋನು ಅಂಗಡಿಯ ಗೂಡಿನಲ್ಲೇ ಉಳಿಯಿತು.

ಮಧ್ಯಾಹ್ನದ ಮೇಲೆ ಆ ಗ್ರೂಪಿನಲ್ಲಿ ಏನಾಗಿತ್ತೆಂದರೆ, ಚಹಾ ಅಂಗಡಿಯಲ್ಲಿ ಗಲಾಟೆ ಜಾಸ್ತಿ ಅಂತ ಯಾರೋ ಅಂದರು, ಮಾನಿಟರ್ ಜಾಗ ಬದಲಾಯಿಸಿದ. ಬೇರೆ ಬೀದಿ, ಬೇರೆ ಹೋಟೆಲು, ಮೊದಲನೇ ಮಹಡಿ. ಚಿಕ್ಕಮ್ಮ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಚಹಾ ಅಂಗಡಿಯಲ್ಲಿ ಕೂತಳು. ಕೂತೇ ಕೂತಳು. ಅಂಗಡಿಯವನು ಸುತ್ತಲಿನ ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ, ಕೊನೆಗೆ ಅವಳು ಕೂತಿದ್ದ ಕುರ್ಚಿಯೊಂದೇ ಉಳಿದಾಗ ಎದ್ದು ಬಂದಳು. ನರ್ಸ್ ಅಷ್ಟೊತ್ತಿಗೆ ಹೊರಟುಹೋಗಿದ್ದಳು.

ಇಷ್ಟೇ ಆಗಿದ್ದರೆ ಗ್ರಹಚಾರ ಅಂತ ಬಿಡಬಹುದಿತ್ತು. ಆದರೆ ಆ ಹೋಟೆಲಿನಲ್ಲಿ ನರ್ಸ್ ಬಾಗಿಲ ಕಡೆಯೇ ನೋಡುತ್ತಾ ಮೊಳೆ ಎಲ್ಲಿ ಅಂತ ಕೇಳಿದಾಗ ಮಾನಿಟರ್ ಏನು ಹೇಳಿದ ಗೊತ್ತಾ? ಬಾಯಿ ತಪ್ಪಿ ಕನ್ನಡಕದಕ್ಕನೇ ಆಮೇಲೆ ಹೇಳಿದ್ದು. “ಅವಳು ರಿಪ್ಲೈನೇ ಮಾಡ್ಲಿಲ್ಲ ಕಣೆ. ಬರೋ ಮನಸ್ಸಿರ್ಲಿಲ್ಲ ಅನ್ಸುತ್ತೆ.” ನರ್ಸ್ ಅದನ್ನೇ ನಂಬಿಕೊಂಡು ವಿಮಾನ ಹತ್ತಿದಳು.

ಮರುದಿನ ಚಿಕ್ಕಮ್ಮ ಕೇಳಲು ಹೋದರೆ ಮಾನಿಟರ್ ಫೋನನ್ನು ಅವಳ ಮೂಗಿನ ಹತ್ತಿರ ಹಿಡಿದು ಮೇಲೆ ಕೆಳಗೆ ಉಜ್ಜಿ ತೋರಿಸಿದ. ಇಲ್ಲಿ ನೋಡು, ಕ್ಲಿಯರ್ ಆಗಿ ಹಾಕಿದ್ದೀನಿ, ನೀನೊಬ್ಬಳೇ ನೋಡ್ಲಿಲ್ಲ ಅಂದ. ನಿನ್ನೊಬ್ಬಳಿಗೋಸ್ಕರ ಫೋನ್ ಮಾಡ್ತಾ ಕೂರೋಕಾಗುತ್ತಾ ಅಂದ. ಚಿಕ್ಕಮ್ಮ ಸರಿ ಅಂತ ಹೇಳಿ ವಾಪಸು ಬಂದಳು. ನರ್ಸ್‌ಗೆ ಆಮೇಲೆ ಫೋನು ಮಾಡಿ ಎಲ್ಲ ಹೇಳಿದ್ದಾಯಿತು, ಇಬ್ಬರೂ ಅತ್ತಿದ್ದೂ ಆಯಿತು. ಆದರೆ ಹೋದ ಸಂಜೆ ಹೋದದ್ದೇ.

ಆ ರಾತ್ರಿ ಊಟಕ್ಕೆ ಕೂತಾಗ ನಮ್ಮಮ್ಮನಿಗೆ ಒಂದೇ ಮಾತು ಹೇಳಿದಳು. “ಅವ್ನೂ ಒಂದು ಸಂಜೆ ನನ್ನ ಥರಾನೇ ಕಾಯ್ತಾ ಕೂರ್ಬೇಕು ಅಕ್ಕ. ಯಾರೂ ಬರಬಾರ್ದು. ಅಷ್ಟಾದ್ರೆ ಸಾಕು.” ಅಮ್ಮ ಅನ್ನ ಬಡಿಸುತ್ತಾ ನಕ್ಕಳು. ಚಿಕ್ಕಮ್ಮ ನಗಲಿಲ್ಲ.

ಈಗ ಕುರ್ಚಿಯ ವಿಷಯಕ್ಕೆ ಬರುತ್ತೇನೆ. ಯಾರೋ ರಿಪೇರಿಗೆ ಕೊಟ್ಟು ಮರೆತೇಬಿಟ್ಟಿದ್ದ ಒಂದು ಕುರ್ಚಿ ಅಂಗಡಿಯಲ್ಲಿತ್ತು. ಕೈ ಇಡುವ ಹಿಡಿ ಎಡಗಡೆ ಮಾತ್ರ ಇತ್ತು, ಬಲಗಡೆಯದು ಮುರಿದುಹೋಗಿತ್ತು. ಉಳಿದಿದ್ದ ಅರಿಶಿನ ಬಣ್ಣದ ಬಟ್ಟೆಯನ್ನು ಚಿಕ್ಕಮ್ಮ ಅದಕ್ಕೆ ಹೊದಿಸಿದ್ದಳು. ಒಂದು ಸಂಜೆ ಒಳಗೆ ಜಾಗ ಸಾಲದೆ ಅದನ್ನು ಎತ್ತಿ ಫುಟ್‌ಪಾತಿನ ಮೇಲಿಟ್ಟಳು. ಡ್ಯೂಟಿ ಮುಗಿಸಿ ಬರುತ್ತಿದ್ದ ಡ್ರೈವರ್, ದಿನವಿಡೀ ಸೀಟಿನಲ್ಲೇ ಕೂತಿದ್ದವನು, ಅದನ್ನು ನೋಡಿ ಮತ್ತೆ ಕೂತ. ಅವನು ಕೂತಿದ್ದನ್ನು ನೋಡಿ ಎದುರಿನಿಂದ ಕನ್ನಡಕದಕ್ಕ ರಸ್ತೆ ದಾಟಿ ಬಂದಳು. ಚಿಕ್ಕಮ್ಮ ಮೊಳೆಗಳನ್ನು ಉಗುಳಿ ಚಹಾಕ್ಕೆ ಇಟ್ಟಳು. ಬೀದಿ ದೀಪ ಹತ್ತುವವರೆಗೂ ಮಾತೋ ಮಾತು.

ಎದ್ದು ಹೋಗುವಾಗ ಕನ್ನಡಕದಕ್ಕನಿಗೇ ಹೊಳೆಯಿತು. ಇವತ್ತು ಒಂದೂ ಮೆಸೇಜು ಹಾಕದೆ ಸೇರಿದೆವಲ್ಲ ಅಂದಳು. ಮತ್ತೆ ಕೆಲಸಕ್ಕೆ ಕೂತಿದ್ದ ಚಿಕ್ಕಮ್ಮನ ಸುತ್ತಿಗೆ ಅರ್ಧಕ್ಕೇ ನಿಂತಿತು.

ಮರುದಿನದಿಂದ ಅದೇ ಪದ್ಧತಿಯಾಯಿತು. ಕುರ್ಚಿ ಹೊರಗಿದ್ದರೆ ಚಿಕ್ಕಮ್ಮ ಬಿಡುವಾಗಿದ್ದಾಳೆ, ಬರುವವರು ಬರಬಹುದು. ಒಳಗಿದ್ದರೆ ಇಲ್ಲ. ಬರ್ತೀನಿ ಅಂತ ಹೇಳಬೇಕಾಗಿಲ್ಲ, ಬರಲ್ಲ ಅಂತಲೂ ಹೇಳಬೇಕಾಗಿಲ್ಲ. ನಿನ್ನೆ ಯಾಕೆ ಬರಲಿಲ್ಲ ಅಂತ ಯಾರೂ ಯಾರನ್ನೂ ಕೇಳುವಂತಿಲ್ಲ. ಯಾರ್ಯಾರು ಬರ್ತಾರೆ ಅಂತ ಕೇಳುವುದಂತೂ ಮಹಾಪಾಪ. ಡ್ರೈವರನ ಬಸ್ಸು ದಿನಕ್ಕೆ ಎಷ್ಟೋ ಸಲ ಇದೇ ಬೀದಿಯಲ್ಲಿ ಹಾಯುತ್ತದೆ, ಅವನು ಒಮ್ಮೆ ಕತ್ತು ತಿರುಗಿಸಿದರೆ ಸಾಕು. ಕನ್ನಡಕದಕ್ಕನಿಗೆ ಕುರ್ಚಿ ಕಾಣದಿದ್ದರೆ ಅವಳ ಅಂಗಡಿಗೇ ಅವಮಾನ.

ಇದೆಲ್ಲ ಅನುಕೂಲಕ್ಕೆ ಅಂತ ನೀವು ಅಂದುಕೊಳ್ಳಬಹುದು. ಅನುಕೂಲವೇ. ಆದರೆ ಚಿಕ್ಕಮ್ಮ ಗ್ರೂಪಿನಿಂದ ಹೊರಗೆ ಬಂದಳಾ? ಇಲ್ಲ. ಅದು ಸಾಯುವುದನ್ನು ನೋಡಲಿಕ್ಕೇ ಅದರಲ್ಲಿ ಉಳಿದಳು. ಫೋನು ಮುಟ್ಟದವಳು ಈಗ ದಿನಾ ಕೈ ತೊಳೆದುಕೊಂಡು, ಕನ್ನಡಕ ಹಾಕಿಕೊಂಡು, ಪೇಪರ್ ಓದುವ ಹಾಗೆ ಗ್ರೂಪ್ ತೆಗೆದು ಕೂರುತ್ತಿದ್ದಳು. ಮಾನಿಟರ್ ಭಾನುವಾರಕ್ಕೆ ಮೂರು ಜಾಗ ಹಾಕಿ ಓಟು ಕೇಳಿರುತ್ತಿದ್ದ. ಒಂದು ಓಟೂ ಬಿದ್ದಿರುತ್ತಿರಲಿಲ್ಲ, ಅವನದೊಂದು ಬಿಟ್ಟು. ಅದರ ಕೆಳಗೆ ಬರೀ ಪ್ರಶ್ನೆ ಚಿಹ್ನೆಗಳ ಸಾಲು. “ಪಾಪ, ಅವ್ನೇ ಅವ್ನಿಗೆ ಓಟು ಹಾಕ್ಕೊಂಡಿದ್ದಾನೆ” ಅಂತ ಓದಿ ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀವು, ಮಗು ಬೆಲ್ಲ ಚೀಪುವ ಹಾಗೆ.

ಅಷ್ಟಾದರೂ ಅವನು ಕಾಯುತ್ತಾ ಕೂರುವ ಸಂಜೆ ಇನ್ನೂ ಬಂದಿರಲಿಲ್ಲ. ಅಮ್ಮನೇ ಒಂದು ದಿನ ಉಪಾಯ ಹೇಳಿಕೊಟ್ಟಳು. ಕುರ್ಚಿ ಹೊರಗಿಟ್ಟು, ಉಳಿದಿಬ್ಬರಿಗೆ ಮೊದಲೇ ಹೇಳಿ, ಶಟರ್ ಎಳೆದುಕೊಂಡು ಹೋಗಿಬಿಡು, ಅವನು ಬಂದು ಕೂರಲಿ. ನಾನಂತೂ ಕುಣಿದೆ. ಚಿಕ್ಕಮ್ಮ ಒಪ್ಪಲಿಲ್ಲ. “ಬೇಡಕ್ಕ. ಕುರ್ಚಿ ಒಂದ್ಸಲ ಸುಳ್ಳು ಹೇಳಿದ್ರೆ ಮುಗೀತು. ನಾಳೆಯಿಂದ ಇವ್ರೂ ನಿಜವಾಗ್ಲೂ ಇದ್ದೀಯಾ ಅಂತ ಫೋನ್ ಮಾಡೋಕೆ ಶುರು ಮಾಡ್ತಾರೆ. ಆಮೇಲೆ ನನಗೂ ಅವ್ನಿಗೂ ಏನು ವ್ಯತ್ಯಾಸ?” ಸೇಡು ಬೇಕು, ಆದರೆ ಕುರ್ಚಿಯ ಮರ್ಯಾದೆ ಹೋಗಬಾರದು. ಕಷ್ಟ ನೋಡಿ.

ಇತ್ತ ಡ್ರೈವರ್ ಬಾಯಿಂದ ಮಾನಿಟರ್‌ಗೆ ಕುರ್ಚಿಯ ಸುದ್ದಿ ತಲುಪಿತು. ಮೊದಮೊದಲು ಗೇಲಿ ಮಾಡಿದ. ಆಮೇಲೆ ಗ್ರೂಪಿನಲ್ಲಿ, ಇವತ್ತು ಕುರ್ಚಿ ಹೊರಗಿದೆಯಾ, ಯಾರಾದರೂ ಅಪ್‌ಡೇಟ್ ಮಾಡಿ ಅಂತ ಹಾಕಿದ. ಯಾರೂ ಉತ್ತರಿಸಲಿಲ್ಲ. ದಿನಾ ನಾಲ್ಕು ಗಂಟೆಗೆ ಕುರ್ಚಿಯ ಫೋಟೋ ತೆಗೆದು ಹಾಕುವ ವ್ಯವಸ್ಥೆ ಮಾಡೋಣ, ಯಾರು ಒಪ್ಪುತ್ತೀರಿ, ಓಟು ಹಾಕಿ ಅಂತ ಮತ್ತೆ ಹಾಕಿದ. ಅದನ್ನು ನಾನು ಓದಿ ಹೇಳಿದಾಗ ಚಿಕ್ಕಮ್ಮನ ಬಾಯಲ್ಲಿ ಮೊಳೆಗಳಿದ್ದವು, ನಗಲೂ ಆಗದೆ ನುಂಗಲೂ ಆಗದೆ ಗೋಡೆ ಹಿಡಿದುಕೊಂಡು ನಿಂತಳು.

ಕೊನೆಗೆ ಅವನು ಸ್ಕೂಟರಿನಲ್ಲಿ ಬೀದಿ ಸುತ್ತಲು ಶುರು ಮಾಡಿದ. ಅವನ ಆಫೀಸು ಎರಡು ಬೀದಿ ಆಚೆ, ಇಲ್ಲಿಂದ ಹಾಯುವ ದಾರಿಯೇ ಅಲ್ಲ. ಹೆಲ್ಮೆಟ್ಟಿನೊಳಗಿಂದ ಓರೆಗಣ್ಣಲ್ಲಿ ನೋಡುವುದು, ಕುರ್ಚಿ ಹೊರಗಿದ್ದರೂ ನಿಲ್ಲಿಸದೆ ಹೋಗುವುದು. ಹತ್ತಿರ ಬರಲು ಮುಖವಿಲ್ಲ. ಅವನು ಆ ಕುರ್ಚಿಯನ್ನು ನೋಡಿದ್ದೆಲ್ಲ ಹೀಗೇ, ಓಡುವ ಗಾಡಿಯಿಂದ, ಅರಿಶಿನ ಬಣ್ಣ ಅಂತ ಅಷ್ಟೇ. ಕೂತು ನೋಡಿದವನಲ್ಲ.

ಆಗ ಒಂದು ಕ್ಲಿನಿಕ್ಕಿನವರು ಕಾಯುವ ಕೋಣೆಯ ಕುರ್ಚಿಗಳನ್ನು ತಂದುಕೊಟ್ಟರು. ನಮ್ಮ ಫುಟ್‌ಪಾತಿನ ಕುರ್ಚಿ ನೋಡಿ ಅವರಿಗೆ ಬಣ್ಣ ಹಿಡಿಸಿತ್ತು, ಅದೇ ಅರಿಶಿನ ಬಟ್ಟೆ ಬೇಕು ಅಂದರು. ಚಿಕ್ಕಮ್ಮ ತರಿಸಿ ಹೊದಿಸಿದಳು. ಅದರಲ್ಲಿ ಒಂದು ಕುರ್ಚಿಯ ಕಾಲು ಸಡಿಲವಾಗಿತ್ತು. ಅಂಟು ಹಾಕಿ, ಹಗ್ಗ ಬಿಗಿದು, ಗಾಳಿಗೆ ಒಣಗಲಿ ಅಂತ ಹೊರಗಿಟ್ಟಳು. ಅದಕ್ಕೆ ಕೈ ಎರಡೂ ಇದ್ದವು. ನಮ್ಮ ಕುರ್ಚಿ ಒಳಗೆ ಸ್ಪಂಜಿನ ರಾಶಿಯ ಹಿಂದೆ ಇತ್ತು, ಯಾಕೆಂದರೆ ಅವತ್ತು ಅವಳಿಗೆ ಕೈ ತುಂಬ ಕೆಲಸ.

ಡ್ರೈವರ್ ಬಸ್ಸಿನಿಂದ ನೋಡಿದ, ಎರಡು ಕೈ ಕಂಡವು, ಮುಂದೆ ಹೋದ. ಕನ್ನಡಕದಕ್ಕ ನೋಡಿದಳು, ತನ್ನ ಪಾಡಿಗೆ ಗಾಜು ಒರೆಸುತ್ತಾ ಕೂತಳು. ಮಾನಿಟರ್ ಸ್ಕೂಟರ್ ನಿಲ್ಲಿಸಿದ.

ಅವತ್ತು ಅದೇನು ಧೈರ್ಯ ಬಂತೋ, ಹೆಲ್ಮೆಟ್ ತೆಗೆದು, ಕೂದಲು ಸರಿಮಾಡಿಕೊಂಡು, ಕೈಯಲ್ಲೊಂದು ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದೇಬಿಟ್ಟ. “ಮೊಳೆ, ನಾನೂ ಬಂದೆ ಕಣೆ” ಅಂದು ಬಿಗಿದಿದ್ದ ಹಗ್ಗವನ್ನೂ ನೋಡದೆ ಕೂತ. ನಾನು ಮೆಟ್ಟಿಲ ಮೇಲಿದ್ದೆ, ಬಾಯಿ ತೆರೆದೆ. ಚಿಕ್ಕಮ್ಮ ನನ್ನನ್ನು ಒಂದು ನೋಟ ನೋಡಿದಳು. ಮುಚ್ಚಿದೆ.

ಹೇಳಬಹುದಿತ್ತು ಅವಳು. ಅದು ಗಿರಾಕಿಯ ಕುರ್ಚಿ, ಒಣಗಿಲ್ಲ, ಏಳು ಅಂತ. ಮಾಡಿದ ಕೆಲಸ ಹಾಳಾಗುತ್ತಿದೆ ಅಂತ ಗೊತ್ತಿದ್ದವಳು ಅವಳೊಬ್ಬಳೇ. ಇನ್ನೊಂದು ಹಿಡಿ ಮೊಳೆ ತೆಗೆದು ಬಾಯಿಗೆ ಹಾಕಿಕೊಂಡಳು.

ಅವನು ಕೂತ. ಬೀದಿಯ ಈ ತುದಿ ನೋಡಿದ, ಆ ತುದಿ ನೋಡಿದ. ಫೋನು ತೆಗೆದ, ಇಟ್ಟ, ಮತ್ತೆ ತೆಗೆದ. ಯಾರೋ ಹೆಂಗಸು ಬಂದು ಈ ಸೋಫಾಕ್ಕೆ ಎಷ್ಟಾಗುತ್ತೆ ಅಂತ ಅವನನ್ನೇ ಕೇಳಿದಳು. ನಾನು ಅಂಗಡಿಯವನಲ್ಲ ಅಂದ. ಮತ್ತೆ ಯಾಕೆ ಕೂತಿದ್ದೀರಿ ಅಂತ ಕೇಳಿ ಹೋದಳು. ಕುರ್ಚಿಯ ಕಾಲು ಅಷ್ಟರಲ್ಲಿ ಮೆಲ್ಲಗೆ ಹೊರಕ್ಕೆ ಸರಿಯುತ್ತಿತ್ತು. ಅವನು ಒಂದು ಕಡೆಗೆ ವಾಲಿ, ಕಾಲೂರಿ ತಡೆದುಕೊಂಡು, ಏನೂ ಆಗದವನ ಹಾಗೆ ಕೂತಿದ್ದ. ಕನ್ನಡಕದಕ್ಕ ಅಂಗಡಿ ಮುಚ್ಚುತ್ತಾ ಈ ಕಡೆ ನೋಡಿ, ಎಲ್ಲ ಅರ್ಥವಾಗಿ, ರಸ್ತೆ ದಾಟಲು ಒಂದು ಹೆಜ್ಜೆ ಇಟ್ಟಳು. ಚಿಕ್ಕಮ್ಮ ಒಳಗಿನಿಂದಲೇ ತಲೆ ಆಡಿಸಿದಳು, ಬೇಡ ಅಂತ. ಕನ್ನಡಕದಕ್ಕ ಹಿಂದಿನ ಓಣಿಯಿಂದ ಮನೆಗೆ ಹೋದಳು. ಡ್ರೈವರನ ಬಸ್ಸು ವಾಪಸು ಬಂತು, ಮಾನಿಟರ್ ಕೈ ಎತ್ತಿದ, ಬಸ್ಸು ಹೋಯಿತು.

ಬೀದಿ ದೀಪ ಹತ್ತಿತು.

“ಇವತ್ತು ಯಾರ್ಯಾರು ಬರ್ತಾರೆ?” ಅಂದ ಅವನು, ಒಳಗೆ ಮುಖ ಮಾಡಿ.

ಚಿಕ್ಕಮ್ಮ ಬಾಯಿಂದ ಮೊಳೆಗಳನ್ನು ಒಂದೊಂದಾಗಿ ತೆಗೆದು ತಟ್ಟೆಗೆ ಹಾಕಿದಳು. ಅವಸರವೇನೂ ಇರಲಿಲ್ಲ. “ಯಾರೂ ಬರಲ್ಲ. ಅದು ಆ ಕುರ್ಚಿ ಅಲ್ಲ. ಅದು ಕ್ಲಿನಿಕ್‌ದು, ಅಂಟು ಒಣಗ್ಲಿ ಅಂತ ಇಟ್ಟಿದ್ದೆ.”

ಅವನು ಎದ್ದು ನಿಂತು ಕುರ್ಚಿ ನೋಡಿದ, ವಾಲಿದ ಕಾಲು ನೋಡಿದ. “ಬಂದಾಗ್ಲೇ ಯಾಕೆ ಹೇಳ್ಲಿಲ್ಲ?”

“ನನಗೆ ಬರೋ ಮನಸ್ಸಿರ್ಲಿಲ್ಲ ಅಂತ ನರ್ಸ್‌ಗೆ ಹೇಳಿದ್ಯಂತೆ.”

ಅವನು ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಗ್ರೂಪು, ಮೆಸೇಜು ಅಂತ ಏನೋ ಶುರು ಮಾಡಿದವನು ಅರ್ಧಕ್ಕೇ ಬಿಟ್ಟ. “ಹೇಳ್ದೆ” ಅಂದ. “ತಪ್ಪಾಯ್ತು ಮೊಳೆ. ಆವತ್ತು ಎಷ್ಟು ಹೊತ್ತು ಕಾದೆ ನೀನು?”

“ನೀನು ಇನ್ನೂ ಅಷ್ಟು ಹೊತ್ತು ಕೂತಿಲ್ಲ.”

ಅವನು ಹೋಗಲಿಲ್ಲ. ಮತ್ತೆ ಕೂತ, ಆ ವಾಲಿದ ಕುರ್ಚಿಯ ಮೇಲೆ, ಕಾಲೂರಿಕೊಂಡು. ಚಿಕ್ಕಮ್ಮ ದೀಪ ಆರಿಸಿ, ಶಟರ್ ಎಳೆದು, ಹೋಗೋವಾಗ ಕುರ್ಚಿನ ಮೆಟ್ಟಿಲ ಕೆಳಗೆ ಇಟ್ಟು ಹೋಗು ಅಂತ ಹೇಳಿ ಮೇಲೆ ಬಂದಳು. ಊಟ ಮಾಡಿದಳು, ಎರಡು ಸಲ ಬಡಿಸಿಕೊಂಡಳು. ಕಿಟಕಿಯಿಂದ ಬಗ್ಗಿ ನೋಡಿದ್ದು ನಾನೇ, ಅವಳಲ್ಲ. ನಮ್ಮ ಊಟ ಮುಗಿಯುವವರೆಗೂ ಅವನು ಅಲ್ಲೇ ಇದ್ದ.

ಮರುದಿನ ಬೆಳಿಗ್ಗೆ ಅವಳು ಆ ಕಾಲನ್ನು ಪೂರ್ತಿ ಬಿಚ್ಚಿ, ಹಳೇ ಅಂಟು ಕೆರೆದು, ಮೊದಲಿನಿಂದ ಕೂರಿಸಬೇಕಾಯಿತು. ಕ್ಲಿನಿಕ್ಕಿನವರ ಬೈಗುಳವನ್ನೂ ತಿಂದಳು. ಇಡೀ ದಿನ ಏನೋ ಗುನುಗುತ್ತಲೇ ಇದ್ದಳು. ಮಧ್ಯಾಹ್ನ ನರ್ಸ್ ಫೋನು ಮಾಡಿ, ಮಾನಿಟರ್ ತಾನಾಗೇ ಫೋನ್ ಮಾಡಿದ್ದ, ಸುಳ್ಳು ಹೇಳಿದ್ದೆ ಅಂತ ಒಪ್ಪಿಕೊಂಡ ಅಂದಳಂತೆ. ಸಾಕಲ್ಲವೇನೇ, ಇನ್ನಾದರೂ ಬಿಡು ಅಂತ ಅಮ್ಮ ಹೇಳಿ ನೋಡಿದಳು. ಚಿಕ್ಕಮ್ಮ ಬಟ್ಟೆ ಎಳೆಯುತ್ತಾ, ಎಲ್ಲಿ ಸಾಕು, ಇನ್ನೂ ಸ್ವಲ್ಪ ಸುಕ್ಕಿದೆ ಅಂದಳು.

ಈಗ ಮಾನಿಟರ್ ದಿನಾ ಬರುತ್ತಾನೆ. ಕೈ ಒಂದೇ ಇದೆಯಾ ಅಂತ ಮೊದಲು ಮುಟ್ಟಿ ನೋಡಿಯೇ ಕೂರುವುದು. ಎಲ್ಲರಿಗಿಂತ ಮುಂಚೆ ಬರುತ್ತಾನೆ, ಉಳಿದವರು ಬರುವವರೆಗೆ ಒಬ್ಬನೇ ಇರುತ್ತಾನೆ, ಚಿಕ್ಕಮ್ಮ ಒಳಗೆ ಮೊಳೆ ಹೊಡೆಯುತ್ತಿರುತ್ತಾಳೆ, ಮಾತಾಡಿಸುವುದಿಲ್ಲ. ಎಷ್ಟು ಹೊತ್ತು ಕೂತರೆ ತೀರುತ್ತದೆ ಅಂತ ಅವನೂ ಕೇಳಿಲ್ಲ, ಅವಳೂ ಹೇಳಿಲ್ಲ. ಹೆಚ್ಚುಕಡಿಮೆ ತೀರುತ್ತಾ ಬಂದಿರಬೇಕು ಅಂತ ನನ್ನ ಅಂದಾಜು, ಯಾಕೆಂದರೆ ಮೊನ್ನೆ ಅವನ ಬಿಸ್ಕತ್ತು ಒಂದನ್ನು ತಿಂದಳು. ಒಂದೇ ಒಂದು.

ನೀವೂ ಯಾವತ್ತಾದರೂ ಸಂಜೆ ಹೋಗಿ. ಮೊದಲೇ ಫೋನು ಗೀನು ಮಾಡಬೇಡಿ, ಬರ್ತೀನಿ ಅಂತ ಯಾರಿಗೂ ಹೇಳಬೇಡಿ. ಕನ್ನಡಕದ ಅಂಗಡಿಯ ಎದುರು ಅರಿಶಿನ ಕುರ್ಚಿ ಕಂಡರೆ ನಿಲ್ಲಿ, ಕಾಣದಿದ್ದರೆ ಇನ್ನೊಂದು ದಿನ ಹೋಗಿ. ಚಿಕ್ಕಮ್ಮ ಚಹಾ ಚೆನ್ನಾಗಿ ಮಾಡುತ್ತಾಳೆ, ಡ್ರೈವರನ ಜೋಕುಗಳಿಗೆ ನಗದೆ ಇರಲಾಗುವುದಿಲ್ಲ. ಆದರೆ ನೀವು ಹೋದಾಗ ಅಲ್ಲಿ ಒಬ್ಬನೇ ಒಬ್ಬ ಕೂತಿದ್ದರೆ, ಅವನಿಗೆ ಜೊತೆ ಕೊಡಲು ಅವಸರ ಮಾಡಬೇಡಿ. ಕನ್ನಡಕದಂಗಡಿಯಲ್ಲಿ ಎರಡು ಫ್ರೇಮು ಹಾಕಿ ನೋಡಿ, ಬೀದಿಯ ತುದಿಯವರೆಗೆ ಒಂದು ಸುತ್ತು ಹಾಕಿ, ಆಮೇಲೆ ಹೋಗಿ. ಚಿಕ್ಕಮ್ಮ ಒಳಗಿನಿಂದ ನೋಡುತ್ತಿರುತ್ತಾಳೆ.